ರೇಷ್ಮೆ: ಹೆಸರೊಂದು, ಎಳೆ ಎರಡು

ರೇಷ್ಮೆ ಎಂದೊಡನೆ ಗೂಡಿನ ನೂಲು ನೆನಪಾಗುವುದು ಸಹಜ. ಉತ್ತಮ ದ್ವಿತಳಿ ಗೂಡೊಂದರಲ್ಲಿ ಸುಮಾರು 1000 ಮೀಟರ್ ಉದ್ದದ ಎಳೆ ಇರುತ್ತದೆ. ಎಳೆಗೆ ಅಂಟು ಇರುವುದರಿಂದ ನೂಲು ಬಿಚ್ಚುವ ಮೊದಲು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ.

ಮುಸುಕಿನ ಜೋಳದ (ಗೋವಿನ ಜೋಳದ) ತೆನೆಯ ತುದಿಯಲ್ಲಿ ಹೊರಬರುವ ನವಿರಾದ ಎಳೆಗಳಿಗೂ ರೇಷ್ಮೆ ಎಂದೇ ಹೆಸರು. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಸೂಲಂಗಿಯಿಂದ ಉದುರುವ ಪರಾಗ ಎಳೆಯ ಮೇಲೆ ಬಿದ್ದರೆ ಮಾತ್ರ ಆ ಕಾಳು ಕಟ್ಟುತ್ತದೆ. ಈ ಹಂತದಲ್ಲಿ ತೇವ ಕಡಿಮೆಯಾದರೆ ಎಳೆಗಳು ತಡವಾಗಿ ಹೊರಡುತ್ತವೆ. ಅಷ್ಟರಲ್ಲಿ ಪರಾಗ ಉದುರಿ ಹೋಗಿ, ತೆನೆಯ ತುದಿ ಬೋಳಾಗುತ್ತದೆ. ಅನಂತರ ಎಷ್ಟು ನೀರುಣಿಸಿದರೂ ಆ ನಷ್ಟ ತುಂಬದು. ಆದ್ದರಿಂದ ನೀರಿನ ಅಭಾವವಿರುವ ರೈತರು, ಇರುವ ನೀರನ್ನು ಸೂಲಂಗಿ ಹೊರಟು ರೇಷ್ಮೆ ಕಾಣುವ ಕಾಲಕ್ಕೆ ತಪ್ಪದೆ ಹಾಯಿಸಬೇಕು.