ಹಿತ್ತಿಲ ಮಜ್ಜಿಗೆಹುಲ್ಲು

ಬಚ್ಚಲ ನೀರು ಹರಿದುಹೋಗುವ ಹಿತ್ತಿಲ ಅಂಚಿನಲ್ಲಿ, ಯಾರ ಆರೈಕೆಯನ್ನೂ ಬಯಸದೆ ಪೊದೆಗಟ್ಟಿ ನಿಲ್ಲುವ ಮಜ್ಜಿಗೆಹುಲ್ಲಿನ ಒಂದೆಲೆಯನ್ನು ಬೆರಳುಗಳ ನಡುವೆ ಹೊಸಕಿದೊಡನೆ, ನಿಂಬೆಗಿಡದಲ್ಲಿ ಒಂದು ಕಾಯೂ ಇಲ್ಲದ ಋತುವಿನಲ್ಲಿಯೂ ನಿಂಬೆಯ ಪರಿಮಳವು ಮೂಗನ್ನು ತುಂಬುವುದು. ಈ ಸುಗಂಧಕ್ಕೆ ಕಾರಣವು ಸಿಟ್ರಾಲ್ ಎಂಬ ದ್ರವ್ಯ. ಹುಲ್ಲಿನ ತೈಲದಲ್ಲಿ ಅದರ ಪ್ರಮಾಣವು ಶೇಕಡಾ 70ರ ಆಸುಪಾಸಿನಲ್ಲಿರುವುದರಿಂದ, ನಿಂಬೆಯ ಸಿಪ್ಪೆಯೇ ಇದಕ್ಕೆ ಸೋಲಬೇಕಾಗಿದೆ.

ಹೂ ಬಿಡುವುದು ಅಪರೂಪವಾದ ಕಾರಣ ಬೀಜಕ್ಕೆ ಕಾಯದೆ, ಮುಂಗಾರಿನ ಮೊದಲಲ್ಲಿ ಹಳೆಯ ಬುಡವನ್ನು ಸೀಳಿ, ಬೇರುಸಹಿತವಾದ ಒಂದೆರಡು ಹಿಳ್ಳುಗಳನ್ನು ತುದಿ ಕತ್ತರಿಸಿ ಬಿಸಿಲಿರುವೆಡೆ ನೆಟ್ಟರೆ ಸಾಕು. ಅಗಲವಾದ ಕುಂಡವೂ ಆದೀತು, ನೀರು ಮಾತ್ರ ನಿಲ್ಲಬಾರದು.

ಕೊಯ್ಯುವಾಗ ಬುಡದಿಂದ ನಾಲ್ಕು ಬೆರಳು ಬಿಟ್ಟು ಕುಡುಗೋಲಿನಿಂದಲೇ ಕೊಯ್ಯಬೇಕು. ಬರಿಗೈಯಿಂದ ಎಳೆದವರ ಬೆರಳನ್ನು ಗರಗಸದಂತಹ ಎಲೆಯಂಚು ಕ್ಷಮಿಸದು. ಪರಿಮಳತೈಲವು ಆವಿಯಾಗುವ ಗುಣವುಳ್ಳದ್ದಾದುದರಿಂದ, ಹಪ್ಪಳ ಸಂಡಿಗೆಗಳಂತೆ ಇದನ್ನು ಸುಡುಬಿಸಿಲಿಗೆ ಹರಡದೆ, ಗಾಳಿಯಾಡುವ ನೆರಳಿನಲ್ಲಿ ಎಲೆಯು ಹಸಿರನ್ನು ಉಳಿಸಿಕೊಂಡೇ ಗರಿಗರಿಯಾಗಿ ಮುರಿಯುವವರೆಗೆ ಒಣಗಿಸಿ, ಕತ್ತರಿಸಿ, ಮುಚ್ಚಳ ಬಿಗಿಯಾದ ಭರಣಿಯಲ್ಲಿ ತುಂಬಿಡುವುದು ಲೇಸು. ಅರೆಬರೆ ಒಣಗಿದ್ದರೆ ಬೂಸಲು ತಪ್ಪದು.

ಕಷಾಯಕ್ಕೆ ಕುದಿವ ನೀರಿನಲ್ಲಿ ಜಜ್ಜಿದ ಶುಂಠಿ, ಬೆಲ್ಲಗಳೊಡನೆ ಒಂದು ಚಿಟಿಕೆ ಒಣಹುಲ್ಲನ್ನು ಹಾಕಿ, ಒಲೆಯಿಂದಿಳಿಸಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಬೇಕು. ಬಹುಕಾಲ ಕುದಿಸುವ ನಮ್ಮ ಅಭ್ಯಾಸವು ಪರಿಮಳವನ್ನು ಅಡುಗೆಮನೆಗೆ ದಾನಮಾಡಿ ಲೋಟಕ್ಕೆ ಬಣ್ಣವನ್ನಷ್ಟೇ ಉಳಿಸುತ್ತದೆ. ನಿಂಬೆಯ ವಾಸನೆಯಿದ್ದರೂ ಅದರ ಹುಳಿಯಿಲ್ಲದ ಕಾರಣ, ಹಾಲು ಒಡೆದೀತೆಂಬ ಭಯವಿಲ್ಲದೆ ಇದನ್ನು ಚಹಾದಲ್ಲಿಯೂ ಧಾರಾಳವಾಗಿ ಬಳಸಬಹುದು.