ಬಣ್ಣದ ಪೆಟ್ಟಿಗೆ ಮುಚ್ಚಿಡಬೇಡಿ

ಮರಾಠಿಯಲ್ಲಿ ಚಿತ್ರವನ್ನು ‘ಕಾಢಣೆ’ ಎನ್ನುತ್ತಾರೆ, ಅಂದರೆ ತೆಗೆಯುವುದು. ಹಿಂದಿಯಲ್ಲಿ ‘ಬನಾನಾ’, ಅಂದರೆ ಮಾಡುವುದು. ಕನ್ನಡದಲ್ಲಿ ನಾವು ಚಿತ್ರವನ್ನು ‘ಬರೆಯುತ್ತೇವೆ’. ಊರಿಗೆ ಕಾಗದ ಬರೆಯುವುದಕ್ಕೂ ಚಿತ್ರ ಬರೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಚಿತ್ರ ‘ಬಿಡಿಸುವುದು’ ಎಂದೂ ಹೇಳುತ್ತೇವೆ; ಗಂಟು ಬಿಡಿಸಿದ ಹಾಗೆ, ಲೆಕ್ಕ ಬಿಡಿಸಿದ ಹಾಗೆ.

ಲಕ್ಷ್ಮೀ ನಗರದ ನಮ್ಮ ಮನೆಗಳಲ್ಲಿ ಚಿತ್ರ ಬಿಡಿಸದ ಮಗುವಿಲ್ಲ. ಗೋಡೆ, ನೆಲ, ಅಪ್ಪನ ಡೈರಿ, ಯಾವುದಾದರೂ ಸರಿ. ಮುಂದೆ ಶಾಲೆಯಲ್ಲಿ ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ, ಇಂಟರ್ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು ಬರುತ್ತವೆ. ಎ ಗ್ರೇಡ್ ಸಿಕ್ಕಿದರೆ ಮನೆಯಲ್ಲಿ ಸಂತೋಷ. ಆಮೇಲೆ ಹತ್ತನೆಯ ತರಗತಿ, ಟ್ಯೂಷನ್, ಪ್ರವೇಶ ಪರೀಕ್ಷೆಗಳು. ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ಹಲವರ ಪಾಲಿಗೆ ಅದು ಮತ್ತೆ ಕೆಳಗಿಳಿಯುವುದೇ ಇಲ್ಲ.

ಓದಿನ ಒತ್ತಡವೊಂದೇ ಇದಕ್ಕೆ ಕಾರಣವಲ್ಲ. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಕ್ಕಳ ಚಿತ್ರಗಳ ಹಂತಗಳನ್ನು ವಿವರಿಸಿದ್ದಾರೆ. ಸುಮಾರು 9ರಿಂದ 12ರ ವಯಸ್ಸಿನಲ್ಲಿ ಮಗು ತಾನು ಬರೆದದ್ದನ್ನು ಕಣ್ಣಿಗೆ ಕಾಣುವುದರೊಂದಿಗೆ ಹೋಲಿಸತೊಡಗುತ್ತದೆ. ಕುದುರೆ ಕುದುರೆಯಂತೆ ಬರಲಿಲ್ಲವಲ್ಲ ಎಂದು ನಾಚುತ್ತದೆ. ಆಗ ಯಾರಾದರೂ ನಕ್ಕುಬಿಟ್ಟರೆ ಮುಗಿಯಿತು. ‘ನನಗೆ ಚಿತ್ರ ಬರುವುದಿಲ್ಲ’ ಎಂಬ ಮಾತು ಜೀವನಪರ್ಯಂತ ನಿಂತುಬಿಡುತ್ತದೆ.

ಕೈಬಿಡದೆ ಹೋದವರ ಕಥೆಯನ್ನೂ ಕೇಳಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ, ತುಳು ಮನೆಮಾತಿನ ಕುಟುಂಬದಲ್ಲಿ ಕೃಷ್ಣ ಹೆಬ್ಬಾರರು ಹುಟ್ಟಿದರು. ತಂದೆ ಮೂರ್ತಿ ಮಾಡುವವರು. ನಮ್ಮ ನಾಗಪುರದ ಚಿತಾರ ಓಳಿಯಲ್ಲಿ ಗಣೇಶ ಚೌತಿಗೆ ಮುಂಚೆ ಓಡಾಡಿದವರಿಗೆ ಅಂಥ ಮನೆಯ ವಾತಾವರಣ ಗೊತ್ತಿರುತ್ತದೆ: ಒಂದು ಕಡೆ ಹಸಿ ಮಣ್ಣು, ಇನ್ನೊಂದು ಕಡೆ ಬಣ್ಣದ ಡಬ್ಬಿ, ದೊಡ್ಡವರ ಪಕ್ಕದಲ್ಲೇ ಕುಳಿತು ಕೈ ಪಳಗಿಸಿಕೊಳ್ಳುವ ಮಕ್ಕಳು. ಹೆಬ್ಬಾರರು ನಮ್ಮ ಹಿರಿಯರ ಹಾಗೆಯೇ ಊರು ಬಿಟ್ಟು ಮಹಾರಾಷ್ಟ್ರಕ್ಕೆ ಬಂದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ವರ್ಷ ಕಲಿಸಿದರು. ಆಗಲೇ ಹೆಸರು ಮಾಡಿದ್ದರೂ 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ರೇಖೆಗೆ ಲಯ ಬೇಕೆಂದು ಗುರುಗಳ ಬಳಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಕೆಲವೇ ಗೆರೆಗಳಲ್ಲಿ ನರ್ತಕಿಯನ್ನೋ ವಾದ್ಯಗಾರನನ್ನೋ ನಿಲ್ಲಿಸುವ ಅವರ ಚಿತ್ರಗಳ ಪುಸ್ತಕಕ್ಕೆ ‘ಹಾಡುವ ರೇಖೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಅವರು ತೀರಿಕೊಂಡರು. ಅವರ ಮಗಳ ಹೆಸರೇ ರೇಖಾ! ತಂದೆಯ ಬಳಿ ಕಲಿತ ರೇಖಾ ರಾವ್ ಅವರೂ ಹೆಸರಾಂತ ಕಲಾವಿದೆ. ಮೂರ್ತಿ ಮಾಡುವ ಅಜ್ಜನಿಂದ ಮೊಮ್ಮಗಳವರೆಗೆ ಆ ಪ್ರೀತಿ ಹರಿದು ಬಂದಿತು.

ನಾವೆಲ್ಲರೂ ಹೆಬ್ಬಾರರಾಗಬೇಕಿಲ್ಲ. ಆದರೆ ನಮ್ಮ ಮನೆಗಳಲ್ಲೂ ಇದು ನಡೆಯಬಹುದು. ಊರಿನಿಂದ ಅಜ್ಜಿ ಬಂದಿರುತ್ತಾರೆ. ಅವರು ಕನ್ನಡದಲ್ಲಿ ಕೇಳುತ್ತಾರೆ, ಮೊಮ್ಮಗ ಹಿಂದಿಯಲ್ಲಿ ಉತ್ತರಿಸುತ್ತಾನೆ. ನಾಲ್ಕು ಮಾತಿಗೆ ಸಂಭಾಷಣೆ ನಿಂತು, ಇಬ್ಬರೂ ಟೀವಿಯ ಕಡೆ ತಿರುಗುತ್ತಾರೆ. ಆಗ ಒಂದು ಹಾಳೆ, ಒಂದು ಪೆನ್ಸಿಲ್ ತನ್ನಿ. ಡ್ರಾಯಿಂಗ್ ಪರೀಕ್ಷೆಯಲ್ಲಿ ‘ಸ್ಮರಣಚಿತ್ರ’ ಬರೆದಿದ್ದೀರಲ್ಲ, ಈ ಸಲ ಸ್ಮರಣೆ ಅಜ್ಜಿಯದು, ಚಿತ್ರ ನಿಮ್ಮದು. ‘ಅಜ್ಜಿ, ನಿಮ್ಮ ತವರುಮನೆ ಹೇಗಿತ್ತು?’ ಎಂದು ಕೇಳಿ. ಕಟ್ಟೆ, ಪಡಸಾಲೆ, ಬಚ್ಚಲಿನ ಹಂಡೆ, ಹಿತ್ತಲಿನ ಬಾವಿ ಒಂದೊಂದಾಗಿ ಬರುತ್ತವೆ. ‘ಹಂಡೆ ಅಂದರೇನು?’ ಎಂದು ನೀವು ಕೇಳಲೇಬೇಕಾಗುತ್ತದೆ. ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ? ಅಜ್ಜಿ ಕೈಯಾಡಿಸಿ ತೋರಿಸುತ್ತಾರೆ, ‘ಹಾಗಲ್ಲೋ, ಬಾಯಿ ಇನ್ನೂ ಅಗಲ’ ಎಂದು ತಿದ್ದುತ್ತಾರೆ. ಸಂಜೆಯ ಹೊತ್ತಿಗೆ ಮನೆಯೊಂದು ಹಾಳೆಯ ಮೇಲಿರುತ್ತದೆ, ಹತ್ತಾರು ಕನ್ನಡ ಪದಗಳು ನಾಲಗೆಯ ಮೇಲಿರುತ್ತವೆ.

ಇನ್ನು ನಿಮ್ಮ ತಮ್ಮ ತಂಗಿಯರು, ಅಕ್ಕಪಕ್ಕದ ಚಿಣ್ಣರು. ಅವರಿಗೆ ಕಲಿಸಲು ಹೋಗಬೇಡಿ, ಜೊತೆಗೆ ಕುಳಿತು ನೀವೂ ಬರೆಯಿರಿ. ಮರ ನೇರಳೆಯಾದರೆ ಆಗಲಿ. ‘ಇದೇನು?’ ಎಂದು ಕೇಳುವುದಕ್ಕಿಂತ ‘ಇದರ ಕಥೆ ಹೇಳು’ ಎನ್ನಿ. ಕೈ ಹಿಡಿದು ತಿದ್ದಬೇಡಿ. ಭಾನುವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಅಂಬಾಝರಿ ಕೆರೆಗೋ, ದೀಕ್ಷಾಭೂಮಿಯ ಸ್ತೂಪದ ಬಳಿಗೋ ಹೋಗಿ. ಆ ದೊಡ್ಡ ಗುಮ್ಮಟವನ್ನು ಒಂದೇ ಗೆರೆಯಲ್ಲಿ ಎಳೆಯಲು ನೋಡಿ. ನಿಮ್ಮ ಗೆರೆ ಸೊಟ್ಟಗಾದರೆ ಮಕ್ಕಳಿಗೆ ಧೈರ್ಯ ಬರುತ್ತದೆ!

ಸಂಘದ ಚಿತ್ರಸ್ಪರ್ಧೆಗಳಲ್ಲಿ ಬಹುಮಾನ ಮೂವರಿಗೇ ಸಿಗಬಹುದು. ಬಹುಮಾನವಿಲ್ಲದ ಚಿತ್ರಗಳನ್ನೂ ತೆಗೆದಿಡಿ, ಹಿಂದೆ ತಾರೀಖು ಬರೆದಿಡಿ. ಇಂದೇ ಅಟ್ಟದಿಂದ ಆ ಪೆಟ್ಟಿಗೆ ಇಳಿಸಿ. ಒಣಗಿದ ಬಣ್ಣಕ್ಕೆ ಎರಡು ಹನಿ ನೀರು ಸಾಕು.