ಯಂತ್ರಕಾರ್ಯಸ್ಥರ ಮಾತುಕತೆಯೂ ಮದ್ದಿನ ಚೀಟಿಯೂ

ಹಿಂದೆ ನಮ್ಮ ಕಡೆಯ ದೊಡ್ಡ ಮನೆತನಗಳಲ್ಲಿ ಗೇಣಿಯ ಲೆಕ್ಕ, ಕಾಗದಪತ್ರಗಳನ್ನು ನೋಡಿಕೊಳ್ಳಲು ಒಬ್ಬ ಕಾರ್ಯಸ್ಥನಿರುತ್ತಿದ್ದನು. ಹೆಜ್ಜೆಹೆಜ್ಜೆಗೂ ಧನಿಗಳನ್ನು ಕೇಳದೆ, ಆದರೆ ಅವರ ಇಂಗಿತವನ್ನು ಮೀರದೆ ಕೆಲಸ ಸಾಗಿಸುವುದೇ ಅವನ ಜಾಣತನ. ಗಣಕಶಾಸ್ತ್ರದಲ್ಲಿ 'ಏಜೆಂಟ್' ಎನಿಸಿಕೊಂಡಿರುವುದು ಇಂತಹ ಕಾರ್ಯಸ್ಥನೇ; ಮನುಷ್ಯನಲ್ಲ, ಯಂತ್ರದೊಳಗಿನ ಕ್ರಮವಿಧಿ ಎಂಬುದಷ್ಟೆ ಭೇದ. ಇಂತಹ ಹಲವು ಕಾರ್ಯಸ್ಥರು ತಮ್ಮತಮ್ಮೊಳಗೆ ಮಾತನಾಡುವಾಗ ಪಾಲಿಸಬೇಕಾದ ಕಟ್ಟಳೆಗೆ 'ಪ್ರೊಟೊಕಾಲ್' ಎಂದು ಹೆಸರು.

1980ರಲ್ಲಿ ರೀಡ್ ಸ್ಮಿತ್ ಎಂಬವರು 'ಕಾಂಟ್ರ್ಯಾಕ್ಟ್ ನೆಟ್' ಎಂಬ ಕಟ್ಟಳೆಯೊಂದನ್ನು ವಿವರಿಸಿದರು. ಅದನ್ನು ಆಸ್ಪತ್ರೆಯ ಮದ್ದಿನ ಉಗ್ರಾಣಕ್ಕೆ ಅನ್ವಯಿಸಿ ನೋಡೋಣ. ಒಂದು ಉಗ್ರಾಣದಲ್ಲಿ ಇನ್ಸುಲಿನ್ ಮುಗಿಯುತ್ತ ಬಂದಿದೆಯೆನ್ನಿ. ಅಲ್ಲಿಯ ಯಂತ್ರಕಾರ್ಯಸ್ಥನು "ಇಷ್ಟು ಬೇಕು, ಇಂತಹ ದಿನದೊಳಗೆ ಬೇಕು" ಎಂದು ಸುತ್ತಲ ಉಗ್ರಾಣಗಳಿಗೆ ಸಾರುತ್ತಾನೆ. ಇದ್ದವರು ತಾವು ಕೊಡಬಲ್ಲ ಪ್ರಮಾಣವನ್ನು ತಿಳಿಸುತ್ತಾರೆ. ಇವನು ಒಬ್ಬರನ್ನು ಆರಿಸಿ ಕೆಲಸ ವಹಿಸುತ್ತಾನೆ. ನಾವು ಬಲ್ಲ ಟೆಂಡರಿನ ಕ್ರಮವೇ ಸರಿ.

1996ರಲ್ಲಿ ಸ್ಥಾಪಿತವಾದ 'ಫಿಪಾ' ಸಂಸ್ಥೆ ಮುಂದೆ ಈ ಮಾತುಕತೆಗೆ ಇಪ್ಪತ್ತೆರಡು ಬಗೆಯ ನುಡಿಗಳನ್ನು ಗೊತ್ತುಮಾಡಿತು: ಕೇಳುವುದು, ತಿಳಿಸುವುದು, ಒಪ್ಪುವುದು, ನಿರಾಕರಿಸುವುದು ಇತ್ಯಾದಿ. (2025ರಲ್ಲಿ ಗೂಗಲಿನವರು ಹೊರಡಿಸಿದ ಹೊಸ ಕಟ್ಟಳೆಯ ವಿಚಾರ ಇಲ್ಲಿ ಬೇಡ.) ಈ ಇಪ್ಪತ್ತೆರಡರಲ್ಲಿ ನಮ್ಮ ಮನಸ್ಸನ್ನು ಹಿಡಿದದ್ದು ಒಂದು: "ನನಗೆ ತಿಳಿಯಲಿಲ್ಲ" ಎಂಬ ನುಡಿ. ಬಂದ ಮಾತು ಅರ್ಥವಾಗದಿದ್ದರೆ ಯಂತ್ರವು ಸುಮ್ಮನೆ ತಲೆದೂಗುವಂತಿಲ್ಲ. ಏಕೆ ತಿಳಿಯಲಿಲ್ಲವೆಂಬ ಕಾರಣವನ್ನೂ ಕೂಡಿಸಿ ಮರಳಿ ಹೇಳಬೇಕು.

ನಮ್ಮ ಕಾಸರಗೋಡಿನ ಮದ್ದಿನ ಕಿಂಡಿಯ ಎದುರು ನಿಂತ ಅಜ್ಜಿ ಹಾಗೆ ಹೇಳುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿ, ಕೊಡುವವರ ಮಾತು ಮಲಯಾಳದಲ್ಲಿ, ಅಜ್ಜಿಗೆ ಬರುವುದು ಕನ್ನಡವೋ ತುಳುವೋ. ಮಲಯಾಳದ 'ಮುಂಪ್' ಎಂದರೆ ಮೊದಲು. ಕನ್ನಡದ 'ಮುಂದೆ' ಎಂಬುದಕ್ಕೆ ಬಳಿಕ ಎಂಬ ಅರ್ಥವೂ ಉಂಟು. ಒಂದೇ ಬುಡದ ಮಾತುಗಳು, ಆದರೆ ಊಟಕ್ಕೆ ಮೊದಲು ನುಂಗಬೇಕಾದ ಗುಳಿಗೆಯ ವಿಷಯದಲ್ಲಿ ಇಂತಹ ನೆಂಟಸ್ತಿಕೆ ಅಪಾಯಕರ. ಅಜ್ಜಿ "ಆಯಿತು" ಎಂದು ಹೊರಟುಬಿಡುತ್ತಾಳೆ. ಅನಂತರ ಆ ಚೀಟಿ ಮೊಮ್ಮಗನ ಕೈಯಲ್ಲಿ ಶಾಲೆಗೆ, ನಮ್ಮ ಬಳಿಗೆ ಬರುವುದುಂಟು.

ಇನ್ನು, ಚಿಕಿತ್ಸೆಗೆ ಸುಮಾರು ಐವತ್ತು ಕಿಲೋಮೀಟರು ದೂರದ ಮಂಗಳೂರಿಗೆ ಹೋಗುವುದು ಇಲ್ಲಿಯವರ ಹಳೆಯ ರೂಢಿ. 2020ರ ಮಾರ್ಚಿಯಲ್ಲಿ ಗಡಿಯ ದಾರಿಗಳು ಮುಚ್ಚಿದಾಗ ವೈದ್ಯರು ಆಚೆ, ರೋಗಿಗಳು ಈಚೆ ಉಳಿದದ್ದನ್ನು ನಾವು ಮರೆತಿಲ್ಲ. 2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 'ಫೈರ್' ಎಂಬ ಅಂತಾರಾಷ್ಟ್ರೀಯ ಕಟ್ಟಳೆಯನ್ನು ಸ್ವೀಕರಿಸಿದೆ. ಅದರಲ್ಲಿ ವೈದ್ಯರು ಬರೆದ ಮದ್ದಿಗೆ ಒಂದು ನಮೂನೆ, ಕಿಂಡಿಯಲ್ಲಿ ನಿಜವಾಗಿ ಕೊಟ್ಟ ಮದ್ದಿಗೆ ಬೇರೊಂದು. ಎರಡು ಕಡೆಯ ಆಸ್ಪತ್ರೆಗಳೂ ಇದನ್ನೇ ಬಳಸಿದರೆ, ರೋಗಿಯ ಒಪ್ಪಿಗೆಯ ಮೇಲೆ ತಲಪಾಡಿಯ ಆಚೆಯ ಬರಹವನ್ನು ಈಚೆಯ ಯಂತ್ರ ಓದಬಲ್ಲುದು.

ಊಟಕ್ಕೆ ಮೊದಲು ಎಂಬುದನ್ನು ಆ ನಮೂನೆಯಲ್ಲಿ 'ಎ.ಸಿ.' ಎಂಬ ಲ್ಯಾಟಿನ್ ಮೂಲದ ಎರಡಕ್ಷರದ ಸಂಕೇತದಿಂದ ಸೂಚಿಸಬಹುದು. ಬಳಿಕ ಎಂಬುದಕ್ಕೆ 'ಪಿ.ಸಿ.'. ಸಂಕೇತಕ್ಕೆ ಮಲಯಾಳವೂ ಇಲ್ಲ, ಕನ್ನಡವೂ ಇಲ್ಲ. ಬೇಕಾದ ಭಾಷೆಯಲ್ಲಿ ಅಚ್ಚಾಗಿ ಹೊರಬರಬಹುದು. ಅಜ್ಜಿಯ ಮದ್ದಿನ ಪೊಟ್ಟಣದ ಮೇಲೆ "ಊಟಕ್ಕೆ ಮೊದಲು" ಎಂದು ಮೂಡಿಸಲು ಹೊಸ ಯಂತ್ರವೇನೂ ಬೇಡ. ಇರುವ ಯಂತ್ರಕ್ಕೆ ಕನ್ನಡದ ಆ ಎರಡು ಮಾತುಗಳನ್ನು ಯಾರಾದರೂ ಕಲಿಸಿಕೊಡಬೇಕು.